ಅತ್ತೆಯ ಗೆಜ್ಜೆ

ಬೆಟ್ಟದ ಬುಡದಲ್ಲಿ ಮಣ್ಣಿನ ದಾರಿ ತಿರುಗುವ ಕಡೆ ಒಂದು ಒಣಗಿದ ಜುನಿಪರ್ ಮರವಿದೆ. ಅಲ್ಲಿಗೆ ಬಂದಾಗಲೆಲ್ಲ ವರ್ಲಿನ್ ತನ್ನ ಪಿಕಪ್ಪಿನ ಹಾರ್ನನ್ನು ಎರಡು ಸಲ ಒತ್ತುತ್ತಿದ್ದ. ಮೇಲಿನ ಮನೆಯಲ್ಲಿ ಅವನ ಅತ್ತೆ ನಾನಬಾ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ಮಗ್ಗದ ಮುಂದಿನಿಂದ ಎದ್ದು, ಕುರಿಹಟ್ಟಿಯ ಕಡೆಗೆ ಸರಿದುಹೋಗುತ್ತಿದ್ದಳು. ಗಾಳಿಗೆ ಹಾರ್ನು ಕೇಳಿಸದೆ ಹೋದರೆ ಎಂದು ಅವಳ ಸೊಂಟಪಟ್ಟಿಯಲ್ಲಿ ಗೆಜ್ಜೆ ಇತ್ತು. ಹಳೆಯ ಬೆಳ್ಳಿ ನಾಣ್ಯಗಳನ್ನು ಬಡಿದು ಮಾಡಿದ ಗೆಜ್ಜೆ, ಅವಳ ತಾಯಿ ಕಟ್ಟಿಕೊಂಡಿದ್ದದ್ದು. ಅದರ ಸದ್ದು ಕಿವಿಗೆ ಬಿದ್ದರೆ ವರ್ಲಿನ್ ನಿಂತ ಕಾಲಲ್ಲೇ ಬೆನ್ನು ತಿರುಗಿಸುತ್ತಿದ್ದ. ನವಾಹೊ ಬುಡಕಟ್ಟಿನಲ್ಲಿ ಅಳಿಯ ಅತ್ತೆಯ ಮುಖ ನೋಡಬಾರದು. ನೋಡಿದರೆ ಕಣ್ಣಿಗೆ ಕೇಡು ಅನ್ನುತ್ತಾರೆ. ಆದರೆ ನಾನಬಾಳ ಲೆಕ್ಕದಲ್ಲಿ ಅದು ಕಣ್ಣಿನ ಮಾತಲ್ಲ, ಮರ್ಯಾದೆಯ ಮಾತು. ಮಗಳನ್ನು ಮದುವೆಯಾಗಿ ಬಂದವನಿಗೆ ಮೊದಲ ದಿನ ಕೊಟ್ಟ ಆ ಮರ್ಯಾದೆಯನ್ನು ಅವಳು ಒಂದು ದಿನಕ್ಕೂ ತಪ್ಪಿಸಿರಲಿಲ್ಲ.

ಈಗ ಅದನ್ನೆಲ್ಲ ನಡೆಸಿಕೊಂಡು ಬರುವವರು ಕಡಿಮೆ. ನಾನಬಾಳ ತಂಗಿ ಇರ್ಮಾ ಬೆಟ್ಟದ ಆಚೆ ಇರುತ್ತಾಳೆ. ಅವಳ ಅಳಿಯಂದಿರು ಅವಳ ಸೋಫಾದ ಮೇಲೇ ಕಾಲು ಚಾಚಿಕೊಂಡು ಬ್ಯಾಸ್ಕೆಟ್‌ಬಾಲ್ ನೋಡುತ್ತಾರೆ. ಇಲ್ಲಿಗೆ ಬಂದಾಗಲೆಲ್ಲ ಅವಳು ವರ್ಲಿನ್‌ನನ್ನು ಕೆಣಕದೆ ಹೋದವಳಲ್ಲ.

"ಅಕ್ಕನ ಮುಖ ನೋಡಿದ್ರೆ ಕಣ್ಣು ಹೋಗುತ್ತಂತೆ, ಅಷ್ಟೇ ತಾನೆ? ನನ್ನ ಮುಖ ನೋಡಿದ್ರೆ ಹಸಿವೇ ಹೋಗುತ್ತೆ ಅಂತಾನೆ ನಿಮ್ಮ ಚಿಕ್ಕಪ್ಪ."

"ಅದಕ್ಕೇನೆ ಅವರು ಕಣ್ಣು ಮುಚ್ಕೊಂಡು ಊಟ ಮಾಡೋದು" ಎನ್ನುತ್ತಿದ್ದ ವರ್ಲಿನ್. ಗೋಡೆಯ ಆಚೆ ಗೆಜ್ಜೆ ಸಣ್ಣಗೆ ನಡುಗುತ್ತಿತ್ತು. ನಾನಬಾ ನಗುತ್ತಿದ್ದಾಳೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಅತ್ತೆ ಅಳಿಯ ಹೀಗೆ ಗೋಡೆಯ ಆಚೀಚೆ ಇದ್ದುಕೊಂಡೇ ಹತ್ತಿರವಾಗಿದ್ದರು. ಅವನು ಅವಳಿಗೆ ನೀರು ಹೊರುತ್ತಿದ್ದ, ಸೌದೆ ಒಡೆದು ಒಟ್ಟುತ್ತಿದ್ದ, ಚಾವಣಿಗೆ ಮಣ್ಣು ಮೆತ್ತುತ್ತಿದ್ದ. ಅವಳು ಮಗಳ ಕೈಯಲ್ಲಿ ಕುರಿಮಾಂಸದ ಸಾರು, ಕರಿದ ರೊಟ್ಟಿ ಕಳಿಸುತ್ತಿದ್ದಳು.

"ಅವನಿಗೆ ಹೇಳು, ಸಾರಲ್ಲಿ ಮೂಳೆ ಜಾಸ್ತಿ ಇದೆ, ಹಲ್ಲು ಜೋಪಾನ ಅಂತ."

"ಅವರಿಗೆ ಹೇಳು, ಹಲ್ಲು ಇದೆ, ಮಾಂಸ ಎಲ್ಲಿ ಹೋಯ್ತು ಅಂತ."

ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ಅದು ನಡುವೆ ನಿಂತ ಲೊರಿಂಡಾಳ ಬಾಯಿಂದಲೇ ದಾಟಬೇಕು. ಅವಳು ನಾನಬಾಳ ಮಗಳು, ವರ್ಲಿನ್‌ನ ಹೆಂಡತಿ.

ಲೊರಿಂಡಾ ಸಿನಿಮಾ ತೆಗೆಯುವವಳು. ಅವಳು ಆ ಕೆಲಸಕ್ಕೆ ಬಂದದ್ದು ಬೇರೆಯವರ ಹಿಂದೆ ಓಡಾಡುತ್ತಾ. ಹೊರಗಿನ ಕಂಪನಿಗಳು ಕೆಂಪು ಬಂಡೆಗಳ ನಡುವೆ ಚಿತ್ರ ತೆಗೆಯಲು ಬಂದಾಗ ಅವಳು ಎರಡೂ ಕಡೆಯ ಭಾಷೆ ಬಲ್ಲ ಹುಡುಗಿ. ಮುದುಕರನ್ನು ಹುಡುಕಿ ಕರೆತರುವುದು, ಎಲ್ಲಿ ನಿಲ್ಲಬೇಕೆಂದು ಅವರಿಗೆ ಹೇಳುವುದು, ಊಟದ ಪೊಟ್ಟಣ ಹಂಚುವುದು ಅವಳ ಕೆಲಸ. ಯಾವ ಕಂಪನಿ ಬರಲಿ, ಕೊನೆಗೆ ಬೇಕಾಗುತ್ತಿದ್ದದ್ದು ಒಂದೇ: ಒಬ್ಬ ಮುದುಕಿಯ ಮುಖ, ತೀರ ಹತ್ತಿರದಿಂದ, ಸಂಜೆಯ ಓರೆ ಬಿಸಿಲಲ್ಲಿ, ಎಲ್ಲೋ ದೂರ ನೋಡುತ್ತಿರುವಂತೆ. ಅವಳು ಏನನ್ನು ನೋಡುತ್ತಿದ್ದಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಲೊರಿಂಡಾ ಕೇಳಿದ್ದಕ್ಕೆ ಒಬ್ಬ ಮುದುಕಿ, "ಊಟದ ಗಾಡಿ ಹೊರಟುಹೋಗ್ತಾ ಇದೆಯಾ ಅಂತ ನೋಡ್ತಿದ್ದೆ ಮಗಳೇ" ಎಂದಿದ್ದಳು. ತೆರೆಯ ಮೇಲೆ ಅದೇ ಮುಖದ ಕೆಳಗೆ ಕೊಳಲು ಊದಿಸಿ, ಒಂದು ಜನಾಂಗದ ಅಳಲು ಎಂಬಂತೆ ತೋರಿಸಿದ್ದರು.

ಅಂಥದ್ದೇ ಒಂದು ಚಿತ್ರೀಕರಣದಲ್ಲಿ ಕ್ಯಾಮೆರಾದ ತಂತಿ ಹೊರುತ್ತಿದ್ದವನು ವರ್ಲಿನ್. ಆ ಮುಖದ ಚಿತ್ರಕ್ಕೆ ಇಬ್ಬರೂ ಸೇರಿ ಒಂದು ಹೆಸರಿಟ್ಟರು: ಸುಕ್ಕಿನ ಶಾಟ್. ತಾವು ಏನೇ ತೆಗೆದರೂ ಸುಕ್ಕಿನ ಶಾಟ್ ತೆಗೆಯಬಾರದು ಎಂದುಕೊಂಡೇ ಮದುವೆಯಾದರು ಅಂದರೂ ತಪ್ಪಿಲ್ಲ. ಆಮೇಲೆ ಅವಳು ಕಿರುಚಿತ್ರಗಳನ್ನು ಮಾಡಿದಳು, ಅವನು ಕ್ಯಾಮೆರಾ ಹಿಡಿದ. ದೂರದ ಊರುಗಳ ಕಾಲೇಜುಗಳು ಅವಳನ್ನು ಕರೆಸಿದವು. ವೇದಿಕೆ ಹತ್ತಿದರೆ ತಡವರಿಸುವ ಅವಳಿಗೆ ಒಂದು ಮಾತು ಮಾತ್ರ ತಡೆಯಿಲ್ಲದೆ ಬರುತ್ತಿತ್ತು: "ನಮ್ಮಲ್ಲಿ ಕತೆ ಹೇಳೋರಿಗೆ ಮೊದಲು ಕಲಿಸೋದು ಏನು ಹೇಳಬಾರದು ಅನ್ನೋದನ್ನ. ನೋಡದೆ ಇರೋದೂ ಒಂದು ಬಗೆಯ ಪ್ರೀತಿ." ಆಗೆಲ್ಲ ಅವಳ ಕಣ್ಣಿಗೆ ಬರುತ್ತಿದ್ದದ್ದು ಅವ್ವನ ಮನೆಯ ಗೋಡೆ.

ಅವಳ ಮೊದಲ ದೊಡ್ಡ ಚಿತ್ರ ಹುಟ್ಟಿದ್ದೂ ಆ ಗೋಡೆಯಿಂದಲೇ. ಒಂದು ಬೆಳಿಗ್ಗೆ ಒಲೆಯ ಹೊಗೆಕೊಳವೆ ಸರಿಮಾಡಲು ವರ್ಲಿನ್ ಅತ್ತೆಯ ಹೋಗನ್ನಿನ, ಆ ಮಣ್ಣಿನ ದುಂಡು ಮನೆಯ, ಒಳಗೆ ಹೋದ. ಅತ್ತೆ ಆಗಷ್ಟೇ ಎದ್ದುಹೋಗಿದ್ದಳು. ಪೂರ್ವದ ಬಾಗಿಲಿಂದ ಬಿದ್ದ ಬಿಸಿಲಲ್ಲಿ ಕಾಫಿಯ ಲೋಟ ಆವಿಯಾಡುತ್ತಿತ್ತು. ಮಗ್ಗದ ಹಾಸಿನ ನೂಲುಗಳ ನಡುವೆ ನೇಯುವ ಹಲಗೆ ಅಡ್ಡ ನಿಂತಿತ್ತು, ಕದಿರು ಇನ್ನೂ ನೆಲದ ಮೇಲೆ ಸಣ್ಣಗೆ ಉರುಳುತ್ತಿತ್ತು, ಕುರಿಚರ್ಮದ ಮೇಲೆ ಅವಳು ಕುಳಿತಿದ್ದ ತಗ್ಗು ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಅವನು ಕೊಳವೆ ಬಿಟ್ಟು ಕ್ಯಾಮೆರಾ ತಂದ.

ಅಲ್ಲಿಂದ ಎರಡು ವರ್ಷ ಅವನು ಅತ್ತೆ ಬಿಟ್ಟುಹೋದ ಜಾಗಗಳನ್ನೇ ತೆಗೆದ. ಹಟ್ಟಿಯ ಮಣ್ಣಲ್ಲಿ ಹೆಜ್ಜೆಗುರುತು, ಅರ್ಧ ಕತ್ತರಿಸಿದ ಉಣ್ಣೆ, ಇನ್ನೂ ತೂಗುತ್ತಿರುವ ಬಾಗಿಲ ಕಂಬಳಿ. ಎಲ್ಲದರ ಹಿಂದೆ, ದೂರದಲ್ಲಿ, ಗೆಜ್ಜೆ. ನಾನಬಾಳಿಗೂ ಅದರ ರುಚಿ ಹತ್ತಿತು. ಎದ್ದುಹೋಗುವ ಮುಂಚೆ ಒಂದು ಕ್ಷಣ ನಿಂತು, ಲೋಟವನ್ನು ಬಿಸಿಲಿಗೆ ಸರಿಸಿಟ್ಟು ಹೋಗುತ್ತಿದ್ದಳು.

"ಅವನಿಗೆ ಹೇಳು, ಇವತ್ತು ನೀಲಿ ಜೋಳದ ಅಂಬಲಿ ಇಟ್ಟಿದೀನಿ, ಬಣ್ಣ ಚೆನ್ನಾಗಿ ಬರುತ್ತೆ. ತೆಗೆದಾದ್ಮೇಲೆ ಕುಡೀಲಿ."

ಚಿತ್ರಕ್ಕೆ 'ಆಗಷ್ಟೇ ಎದ್ದುಹೋದವಳು' ಎಂದು ಹೆಸರಿಟ್ಟರು. ಅದನ್ನು ಮುಗಿಸಲು ದುಡ್ಡು ಹಾಕುವ ಕಂಪನಿಯ ಮೆರಿಡಿತ್ ಎಂಬಾಕೆ, ಕಳಿಸಿದ್ದಷ್ಟನ್ನು ನೋಡಿ ಫೋನ್ ಮಾಡಿದಳು. ಸಿಗ್ನಲ್ ಸಿಗುವುದು ದಿಬ್ಬದ ನೆತ್ತಿಯಲ್ಲಿ ಮಾತ್ರ. ಲೊರಿಂಡಾ ಅಲ್ಲಿ ಒಂದು ಕಲ್ಲಿನ ಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು ಕೇಳಿಸಿಕೊಂಡಳು.

"ತುಂಬಾ ಚೆನ್ನಾಗಿದೆ ಲೊರಿಂಡಾ. ಆದ್ರೆ ನಾನು ಕಾಯ್ತಾನೇ ಇದೀನಿ. ಅವರು ಯಾವಾಗ ಬರ್ತಾರೆ?"

"ಅವರು ಬರಲ್ಲ. ಬರದೇ ಇರೋದೇ ಸಿನಿಮಾ."

"ನನಗೆ ಅರ್ಥ ಆಗುತ್ತೆ. ಜನಕ್ಕೆ ಆಗಲ್ಲ. ಒಂದು ಮುಖ ಇಲ್ದೇ ಇದ್ರೆ ಅವರು ಯಾರಿಗೋಸ್ಕರ ಅಂತ ಅಳಬೇಕು?"

"ಅಳಲೇಬೇಕಾ?"

ಆ ಕಡೆ ಮೆರಿಡಿತ್ ನಕ್ಕಳು. ಆಮೇಲೆ ನಗದೆ ಹೇಳಿದಳು. ಮುಖ ಇಲ್ಲದಿದ್ದರೆ ಕಂಪನಿ ಕೈಬಿಡುತ್ತದೆ. ಎಂಥ ಮುಖ ಬೇಕು ಎಂದು ಲೊರಿಂಡಾ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ವರ್ಲಿನ್ ಪಿಕಪ್ಪಿನ ಹಿಂಬದಿಯಲ್ಲಿ ಕುಳಿತು ಲೆನ್ಸ್ ಒರೆಸುತ್ತಿದ್ದ.

"ನನ್ನ ಕೈಲಿ ತೆಗೆಯಕ್ಕಾಗಲ್ಲ" ಎಂದ.

"ಗೊತ್ತು. ಅವರೇ ಯಾರನ್ನೋ ಕಳಿಸ್ತಾರಂತೆ."

"ನಾನೇ ತೆಗೆದ ಸಿನಿಮಾ ನಾನು ನೋಡೋ ಹಾಗಿಲ್ಲ ಅಂದಂಗಾಯ್ತು."

"ಆ ಜಾಗ ಬಂದಾಗ ನಾನು ಮೊಣಕೈಲಿ ತಿವೀತೀನಿ. ಕಣ್ಣು ಮುಚ್ಕೋ."

ತಮಾಷೆಗೆ ಅಂದದ್ದು. ಅವನು ನಕ್ಕ ಕೂಡ. ಆದರೆ ಒರೆಸಿದ ಲೆನ್ಸನ್ನೇ ಮತ್ತೆ ಒರೆಸತೊಡಗಿದ.

ನಾನಬಾ ಮಗಳ ಮಾತನ್ನೆಲ್ಲ ಕೇಳಿ ಮಗ್ಗದ ಹಣಿಗೆಯಿಂದ ನೇಯ್ಗೆಯ ಎರಡು ಸಾಲು ಬಡಿದಳು.

"ಎಷ್ಟು ಹೊತ್ತು ನನ್ನ ಮುಖ?"

"ಸ್ವಲ್ಪ ಹೊತ್ತು ಅವ್ವ."

"ಹೊರಗಿನವರು ನೋಡಲಿ ಬಿಡು. ಇಷ್ಟು ಕಾಲದಿಂದ ನಮ್ಮನ್ನ ನೋಡ್ತಾನೇ ಇದಾರೆ, ಏನು ಕಂಡಿದೆ ಅವರಿಗೆ. ಅವನು ನೋಡಬಾರದು, ಅಷ್ಟೇ. ನಿನ್ನ ಕೆಲಸ ಮುಗೀಬೇಕಲ್ಲ."

ನಗರದಿಂದ ಇಬ್ಬರು ಬಂದರು. ಒಬ್ಬ ಕ್ಯಾಮೆರಾದವನು, ಇನ್ನೊಬ್ಬ ಶಬ್ದ ಹಿಡಿಯುವ ಗಡ್ಡದವನು. ಇಬ್ಬರೂ ಒಳ್ಳೆಯವರೇ. ಬಾಗಿಲಲ್ಲಿ ಬೂಟು ಬಿಚ್ಚಬೇಕೇ ಎಂದು ಕೇಳಿದರು, ಕರಿದ ರೊಟ್ಟಿಯನ್ನು ಇನ್ನೊಂದು ಹಾಕಿಸಿಕೊಂಡು ತಿಂದರು. ವರ್ಲಿನ್ ಬೆಳಿಗ್ಗೆಯೇ ಪಿಕಪ್ಪಿಗೆ ಪೀಪಾಯಿ ಹೇರಿಕೊಂಡು ಊರಿನ ಸಭಾಮನೆಯ ಬಳಿಯ ಬಾವಿಗೆ ಹೊರಟ. ಹೊರಡುವಾಗ ಲೊರಿಂಡಾ ಕಿಟಕಿಗೆ ಬಗ್ಗಿ ಹೇಳಿದಳು:

"ಇವತ್ತು ಹಾರ್ನ್ ಹೊಡೀಬೇಡ. ಶಬ್ದ ಹಿಡೀತಿರ್ತಾರೆ. ಬೇಗ ಬಂದ್ರೆ ಗಾಡಿ ಮರದ ಹತ್ರ ನಿಲ್ಲಿಸಿ ನಡ್ಕೊಂಡು ಬಾ. ಗೆಜ್ಜೆ ಕೇಳಿದ್ರೆ ಅಲ್ಲೇ ನಿಂತ್ಕೋ."

"ಸರಿ" ಎಂದ. ಗೆಜ್ಜೆಯನ್ನು ಅವನು ನಂಬಿದಷ್ಟು ತನ್ನ ಕಣ್ಣನ್ನೂ ನಂಬಿದವನಲ್ಲ.

ಹೋಗನ್ನಿನ ಹೊರಗೆ, ಬಿಸಿಲು ಓರೆಯಾಗಿ ಬೀಳುವ ಗೋಡೆಯ ಪಕ್ಕ, ನಾನಬಾ ಉಣ್ಣೆ ಎಳೆಯುತ್ತಾ ಕುಳಿತಳು. ಗಡ್ಡದವನು ಕಿವಿಯ ಹೆಡ್‌ಫೋನ್ ಸರಿಸಿ, ಲೊರಿಂಡಾಳನ್ನು ಪಕ್ಕಕ್ಕೆ ಕರೆದ.

"ಅದೇನೋ ಗಲಗಲ ಅಂತಿದೆ. ಕದಿರು ತಿರುಗಿಸಿದಾಗಲೆಲ್ಲ ಮೈಕಿಗೆ ಹೊಡೀತಿದೆ. ಸ್ವಲ್ಪ ಹೊತ್ತು ತೆಗೆದಿಡ್ತಾರಾ? ಬೇಕಾದ್ರೆ ಆಮೇಲೆ ಬೇರೆಯಾಗಿ ಹಿಡ್ಕೋತೀನಿ."

ಲೊರಿಂಡಾ ಅವ್ವನ ಹತ್ತಿರ ಹೋಗಿ ಮಂಡಿಯೂರಿದಳು. ನಾನಬಾ ದಾರಿಯ ಕಡೆಗೆ ತುಟಿ ಚಾಚಿ ತೋರಿಸಿ, ಅವನು ಎಲ್ಲಿ ಎಂದು ಮಾತಿಲ್ಲದೆ ಕೇಳಿದಳು.

"ಬಾವಿಗೆ ಹೋಗಿದಾನೆ ಅವ್ವ. ಅಲ್ಲಿ ಗಾಡಿಗಳ ಸಾಲು ಇರುತ್ತೆ. ಮಧ್ಯಾಹ್ನದ ತನಕ ಬರಲ್ಲ."

ನಾನಬಾ ಕೈ ಎತ್ತಿದಳು, ಅಂಗಿ ತೊಡಿಸಿಕೊಳ್ಳುವ ಮಗುವಿನ ಹಾಗೆ. ಲೊರಿಂಡಾಳೇ ತನ್ನ ಕೈಯಾರೆ ಸೊಂಟಪಟ್ಟಿಯಿಂದ ಗೆಜ್ಜೆ ಕಳಚಿ ಜೇಬಿಗೆ ಹಾಕಿಕೊಂಡಳು. ಅವು ಬೆಚ್ಚಗಿದ್ದವು.

ಬಾವಿಯ ಪಂಪು ಆ ದಿನ ಕೆಟ್ಟಿತ್ತು. ಸಾಲೂ ಇರಲಿಲ್ಲ, ನೀರೂ ಇರಲಿಲ್ಲ. ವರ್ಲಿನ್ ಬರಿ ಪೀಪಾಯಿಯ ಜೊತೆ ಹಿಂದಿರುಗಿದ, ಹೇಳಿದಂತೆ ಹಾರ್ನ್ ಒತ್ತದೆ ಮರದ ಬಳಿ ಗಾಡಿ ನಿಲ್ಲಿಸಿದ, ಹೇಳಿದಂತೆ ನಡೆದು ಬಂದ. ದಾರಿಯುದ್ದಕ್ಕೂ ಕಿವಿಗೊಟ್ಟ. ಗೆಜ್ಜೆಯಿಲ್ಲ. ಅತ್ತೆ ಒಳಗಿದ್ದಾಳೆ ಎಂದುಕೊಂಡ. ಗೋಡೆಯ ಮೂಲೆ ತಿರುಗಿದ.

ಲೊರಿಂಡಾ ಅದನ್ನು ಮೊದಲು ಕಂಡದ್ದು ಪುಟ್ಟ ಪರದೆಯಲ್ಲಿ. ಅವಳ ಕಣ್ಣು ಅದರ ಮೇಲೇ ಇತ್ತು. ಅವ್ವನ ಮುಖ ಪರದೆ ತುಂಬ. ಅದು ಮೇಲಕ್ಕೆ ಎದ್ದಿತು. ಕಣ್ಣು ಏನನ್ನೋ ಕಂಡವು, ಒಂದು ಕ್ಷಣ ಹಾಗೇ ನಿಂತವು. ಇಷ್ಟು ವರ್ಷ ಧ್ವನಿಯಾಗಿದ್ದವನು ಮುಖವಾಗಿ ಎದುರು ನಿಂತಿದ್ದ. ಆ ನೋಟದಲ್ಲಿ ಮೊದಲು ಇದ್ದದ್ದು ಭಯವಲ್ಲ, ಗುರುತು. ಇವನೇ ಅವನು ಎಂಬ, ಒಂದು ಗಳಿಗೆಯ ಬೆಳಕಿನಂಥ ಗುರುತು. ಆಮೇಲೆ ಮುಖ ಒಡೆಯಿತು. ಅವಳು ಎರಡೂ ಕೈಯಿಂದ ಉಣ್ಣೆಯನ್ನು ಮುಖಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಪರದೆಯ ಹೊರಗೆಲ್ಲೋ ವರ್ಲಿನ್ ಕಣ್ಣಿಗೆ ತೋಳು ಅಡ್ಡ ಹಿಡಿದು, ತಡವುತ್ತಾ, ಬೇಲಿಗೆ ಬಡಿದುಕೊಂಡು ಹೋದ ಸದ್ದು.

ನಿಲ್ಲಿಸಿ ಎಂದು ಲೊರಿಂಡಾ ಹೇಳಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಆಮೇಲೆ ಎಷ್ಟೋ ಸಲ ಅವಳು ತನಗೆ ತಾನೇ ಹೇಳಿಕೊಂಡಳು: ಗಾಬರಿಯಾಗಿತ್ತು, ಅದಕ್ಕೇ. ಆದರೆ ಅವಳ ಕಣ್ಣು ಪರದೆಯಿಂದ ಅವ್ವನ ಕಡೆಗೆ ಹೊರಳಿದ್ದು ಅವ್ವ ಗೋಡೆಯ ಕಡೆ ತಿರುಗಿ ಆದಮೇಲೆ.

ಆ ಸಂಜೆ ನಾನಬಾ ಕೈ ಚಾಚಿ ಗೆಜ್ಜೆ ಇಸಿದುಕೊಂಡಳು. ಕಟ್ಟಿಕೊಳ್ಳಲಿಲ್ಲ.

"ಇಂಥ ಕೇಡನ್ನ ಮಂತ್ರ ಹಾಡಿ ಸರಿಮಾಡೋರು ಇದಾರೆ. ಕರೆಸೋಣ" ಎಂದಳು. "ಅದಕ್ಕೆ ಮುಂಚೆ ನೀನು ಆ ಚಿತ್ರಾನ ಒರೆಸಿ ಹಾಕು."

"ಹಾಕ್ತೀನಿ ಅವ್ವ."

"ಅದು ಇರೋ ತನಕ ಅವನು ನನ್ನ ನೋಡ್ತಾನೇ ಇರ್ತಾನೆ. ನಾನೂ ಅವನ್ನ. ಇಬ್ಬರೂ ಆ ಮೂಲೇಲೇ ನಿಂತಿರ್ತೀವಿ. ಎಷ್ಟು ಹಾಡಿದ್ರೂ ಹೋಗಲ್ಲ. ತಿಳೀತಾ?"

"ತಿಳೀತು."

ವರ್ಲಿನ್ ದಿಬ್ಬದ ಮೇಲೆ ಕುಳಿತಿದ್ದ. ಲೊರಿಂಡಾ ಪಕ್ಕದಲ್ಲಿ ಕುಳಿತು ಕೇಳಿದಳು: "ಕಣ್ಣಿಗೆ ಏನಾದ್ರೂ?"

"ಏನಿಲ್ಲ. ಚೆನ್ನಾಗೇ ಕಾಣ್ತಿದೆ. ಅದೇ ತೊಂದರೆ."

ನಗರದ ಸಂಕಲನದ ಕೋಣೆಯಲ್ಲಿ ಒರೆಸಿ ಹಾಕಲೆಂದೇ ಅವಳು ಅದನ್ನು ತೆರೆದದ್ದು. ಹಿಂದೆ ಮೆರಿಡಿತ್ ನಿಂತಿದ್ದಳು. ನೋಡಿ ಮುಗಿದ ಮೇಲೆ ಮೆರಿಡಿತ್‌ಳ ಕಣ್ಣಲ್ಲಿ ನೀರಿತ್ತು.

"ಇದೇ ನಿಮ್ಮ ಸಿನಿಮಾ."

"ಇದನ್ನ ಹಾಕಲ್ಲ ಅಂತ ಮಾತು ಕೊಟ್ಟಿದೀನಿ."

"ಮಾತು ಕೊಟ್ಟದ್ದು ಮಗಳು. ಸಿನಿಮಾ ತೆಗೀತಿರೋದು ನಿರ್ದೇಶಕಿ. ನಾನು ಬಲವಂತ ಮಾಡಲ್ಲ ಲೊರಿಂಡಾ. ಆದ್ರೆ ಇದಿಲ್ದೆ ನಾನು ಕಂಪನಿಗೆ ಏನು ತೋರಿಸಲಿ, ಕಾಫಿ ಲೋಟಾನಾ?"

ಬಲವಂತ ಯಾರೂ ಮಾಡಲಿಲ್ಲ. ಮಾಡಿದ್ದರೆ ಲೊರಿಂಡಾ ಎದ್ದುಬರುತ್ತಿದ್ದಳೇನೋ. ಅವಳನ್ನು ಒಬ್ಬಳನ್ನೇ ಕೋಣೆಯಲ್ಲಿ ಬಿಟ್ಟುಹೋದರು. ಅವಳು ಆ ಚಿತ್ರವನ್ನು ಮತ್ತೆ ನೋಡಿದಳು, ಮತ್ತೂ ನೋಡಿದಳು. ಅಂಥ ಮುಖವನ್ನು ಅವಳು ಯಾವ ಸಿನಿಮಾದಲ್ಲೂ ಕಂಡಿರಲಿಲ್ಲ. ಸುಕ್ಕಿನ ಶಾಟ್ ಅಲ್ಲ ಇದು ಎಂದು ತನಗೆ ತಾನೇ ಹೇಳಿಕೊಂಡಳು. ನಮ್ಮ ಕತೆ ಇದು, ನಾವೇ ಹೇಳಬೇಕು, ಏನನ್ನು ಕಳಕೊಂಡೆವೆಂದು ಹೊರಗಿನವರಿಗೆ ಬೇರೆ ಹೇಗೆ ತಿಳಿದೀತು. ಇಂಥ ಮಾತುಗಳು ಅವಳಿಗೆ ಸುಲಭವಾಗಿ ಬರುತ್ತಿದ್ದವು. ಎಷ್ಟೋ ಕಾಲೇಜುಗಳಲ್ಲಿ ಆಡಿ ನಯವಾಗಿದ್ದವು.

ಆ ಚಿತ್ರವನ್ನು ಉಳಿಸಿಕೊಂಡೆನೆಂದು ವರ್ಲಿನ್‌ಗೆ ಫೋನಿನಲ್ಲೇ ಹೇಳಿದಳು. ಅವನು ಜಗಳ ತೆಗೆಯಲಿಲ್ಲ.

"ನಾನೂ ಕ್ಯಾಮೆರಾದವನೇ. ತೆಗೆದದ್ದನ್ನ ಬಿಸಾಕೋದು ಎಷ್ಟು ಕಷ್ಟ ಅಂತ ಗೊತ್ತು" ಎಂದ. ಆಮೇಲೆ, "ನನ್ನ ಹೆಸರು ತೆಗೆದ್ಬಿಡು" ಎಂದ.

"ಮುಕ್ಕಾಲು ಪಾಲು ನೀನೇ ತೆಗೆದಿರೋದು."

"ನಾನು ನೋಡದೇ ಇದ್ದದ್ದನ್ನ ತೆಗೆದೆ. ಇದು ಅದಲ್ಲ."

ಗಡ್ಡದವನು ಗೆಜ್ಜೆಯ ಸದ್ದನ್ನು ಬೇರೆಯಾಗಿ ಹಿಡಿದುಕೊಂಡಿರಲಿಲ್ಲ. ವರ್ಲಿನ್ ಹಿಡಿದದ್ದು ತೀರ ದೂರದ್ದು ಎಂದು ಹೇಳಿ, ಕೋಣೆಯಲ್ಲಿ ಯಾವುದೋ ಪೆಟ್ಟಿಗೆಯಿಂದ ಒಂದು ಗಂಟೆ ತೆಗೆದು, ಮೈಕಿನ ಮುಂದೆ ಅಲ್ಲಾಡಿಸಿ ಹಾಕಿದರು. ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂದರು. ಯಾರಿಗೂ ಗೊತ್ತಾಗಲೂ ಇಲ್ಲ.

ಹಿಮ ಬೀಳುವ ಊರಿನ ದೊಡ್ಡ ಚಿತ್ರೋತ್ಸವದಲ್ಲಿ ಆ ಮುಖ ತೆರೆ ತುಂಬ ಎದ್ದಾಗ ಇಡೀ ಸಭಾಂಗಣ ಒಟ್ಟಿಗೆ ಉಸಿರೆಳೆದುಕೊಂಡದ್ದು ಲೊರಿಂಡಾಳಿಗೆ ಕೇಳಿಸಿತು. 'ನವಾಹೊ ನಿರ್ದೇಶಕಿ' ಎಂದು ಕರೆದು ಅವಳನ್ನು ವೇದಿಕೆಗೆ ಹತ್ತಿಸಿದರು. ಆ ನೋಟ ನಿಮಗೆ ಹೇಗೆ ಸಿಕ್ಕಿತು ಎಂದು ಯಾರೋ ಕೇಳಿದರು. ಬಾಯಿಗೆ ಬಂದದ್ದು ಹಳೆಯ ಮಾತೇ: "ನಮ್ಮಲ್ಲಿ ಕತೆ ಹೇಳೋರಿಗೆ ಮೊದಲು ಕಲಿಸೋದು ಏನು ಹೇಳಬಾರದು ಅನ್ನೋದನ್ನ. ನೋಡದೆ ಇರೋದೂ ಒಂದು ಬಗೆಯ ಪ್ರೀತಿ." ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೂ ನಗಲಿಲ್ಲ. ಊರಲ್ಲಾಗಿದ್ದರೆ ಯಾರಾದರೊಬ್ಬರು ನಗುತ್ತಿದ್ದರು.

ಬಹುಮಾನ ಬಂತು. ಪೋಸ್ಟರಿನ ತುಂಬ ಅವ್ವನ ಮುಖ.

ಊರಿನ ಸಭಾಮನೆಯಲ್ಲೂ ಒಮ್ಮೆ ತೋರಿಸಿದರು. ವರ್ಲಿನ್ ಹೊರಗೆ ಪಿಕಪ್ಪಿನಲ್ಲಿ ಕುಳಿತಿದ್ದ, ಪೋಸ್ಟರಿಗೆ ಬೆನ್ನು ಹಾಕಿ ಗಾಡಿ ನಿಲ್ಲಿಸಿಕೊಂಡು. ನಾನಬಾ ಬರಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಅವಳು ಆಗಲೇ ಬೆಟ್ಟದ ಆಚೆ ತಂಗಿಯ ಮನೆಗೆ ಹೋಗಿಯಾಗಿತ್ತು. ಬಂದವಳು ಇರ್ಮಾ. ಮುಖ ಬಂದಾಗ ಹಿಂದಿನ ಸಾಲಿನ ನಾಲ್ಕಾರು ಹಿರಿಯರು ಟೋಪಿ ತೆಗೆದುಕೊಂಡು ಎದ್ದುಹೋದರು. ಇರ್ಮಾ ಕೊನೆಯವರೆಗೂ ಕುಳಿತಳು. ಆಮೇಲೆ ಲೊರಿಂಡಾಳ ಬಳಿಗೆ ಬಂದು ನಿಂತಳು. ಅವಳ ನಾಲಗೆಯ ಮೇಲೆ ಯಾವಾಗಲೂ ಇರುತ್ತಿದ್ದ ತಮಾಷೆ ಅವತ್ತು ಮೊದಲಿಗೆ ಇರಲಿಲ್ಲ.

"ಚೆನ್ನಾಗಿದೆ" ಎಂದಳು. "ಎಲ್ಲಾ ಕಾಣುತ್ತೆ."

"ಚಿಕ್ಕಮ್ಮ, ಅವ್ವ ಏನಂತಾಳೆ?"

"ಏನೂ ಅನ್ನಲ್ಲ. ನಾನು ನಿನ್ನ ಹೆಸರೆತ್ತಿದ್ರೆ ಕುರಿ ಎಣಿಸಕ್ಕೆ ಎದ್ದುಹೋಗ್ತಾಳೆ. ದಿನಕ್ಕೆ ಎಷ್ಟು ಸಲ ಅಂತ ಎಣಿಸ್ತೀಯಾ, ಅವಕ್ಕೇ ಬೇಜಾರಾಗಿದೆ ಅಂತೀನಿ."

ಮರುವಾರ ಲೊರಿಂಡಾ ಬೆಟ್ಟ ಹತ್ತಿ ಆಚೆ ಇಳಿದಳು. ವರ್ಲಿನ್ ಗಾಡಿ ಓಡಿಸಿದ. ಒಣಗಿದ ಜುನಿಪರ್ ಮರದ ತಿರುವಿನಲ್ಲಿ ಅವನ ಕೈ ತಾನಾಗಿ ಹಾರ್ನಿಗೆ ಹೋಗಿ ಎರಡು ಸಲ ಒತ್ತಿತು. ಮೇಲಿನ ಮನೆಯ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿತ್ತು, ಹಟ್ಟಿ ಖಾಲಿ. ಇರ್ಮಾಳ ಮನೆ ಇನ್ನೂ ದೂರವಿರುವಾಗಲೇ ಅವನು ಮತ್ತೆ ಹಾರ್ನ್ ಒತ್ತಿ, ಗಾಡಿ ನಿಲ್ಲಿಸಿ, "ನೀನು ಹೋಗಿ ಬಾ" ಎಂದ.

ಬಾಗಿಲು ತೆರೆದಿತ್ತು. ಅವಳು "ಅವ್ವ" ಎಂದಳು. ಒಳಗೆ ಯಾರೂ ಇರಲಿಲ್ಲ. ಬಾಗಿಲ ಬಿಸಿಲಲ್ಲಿ ಕಾಫಿಯ ಲೋಟ ಆವಿಯಾಡುತ್ತಿತ್ತು. ಮಗ್ಗದ ಹಾಸಿನ ನಡುವೆ ಹಲಗೆ ಅಡ್ಡ ನಿಂತಿತ್ತು. ಕುರಿಚರ್ಮದ ಮೇಲೆ ಒಬ್ಬರು ಕುಳಿತೆದ್ದ ತಗ್ಗು. ಲೊರಿಂಡಾ ಅದರ ಮೇಲೆ ಅಂಗೈ ಇಟ್ಟಳು, ಬೆಚ್ಚಗಿತ್ತು. ವರ್ಲಿನ್‌ಗಾಗಿ ಎದ್ದುಹೋಗಿದ್ದರೆ ಹಟ್ಟಿಯ ಹತ್ತಿರ ಇರಬೇಕು ಎಂದು ಅಲ್ಲಿಗೆ ಹೋದಳು. ಇಲ್ಲ. ಇರ್ಮಾ ಅಲ್ಲಿ ಮೇವು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಹಾರ್ನ್ ಕೇಳಿಸ್ತು" ಎಂದಳಷ್ಟೆ.

"ವರ್ಲಿನ್ ಇಲ್ಲಿಗೆ ಬರಲ್ಲ ಚಿಕ್ಕಮ್ಮ. ಅಲ್ಲೇ ಕೆಳಗೆ ನಿಂತಿದಾನೆ. ಅವ್ವಂಗೆ ಹೇಳು."

"ಅವಳು ಅವನಿಗೋಸ್ಕರ ಎದ್ದುಹೋದಳು ಅಂದ್ಕೊಂಡ್ಯಾ?"

ಅಷ್ಟರಲ್ಲಿ ಹಳ್ಳದ ಕಡೆಯಿಂದ ಗೆಜ್ಜೆ ಕೇಳಿಸಿತು. ಪೆಟ್ಟಿಗೆಯಿಂದ ತೆಗೆದ ಗಂಟೆಯಲ್ಲ, ಅದೇ ಗೆಜ್ಜೆ, ಹಳೆಯ ಬೆಳ್ಳಿಯ ತೆಳು ಸದ್ದು. ಏರಿನ ಹಿಂದೆ ಹತ್ತಿರವಾಗುತ್ತಿತ್ತು. ಲೊರಿಂಡಾ ಬೇಲಿ ಹಿಡಿದು ನಿಂತಳು. ಏನು ಹೇಳಬೇಕೆಂದು ಹೊಂದಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

ಏರು ಹತ್ತಿ ಬಂದದ್ದು ಮುಂದಾಳು ಮೇಕೆ. ಅದರ ಕೊರಳಿಗೆ ಗೆಜ್ಜೆ ಕಟ್ಟಿತ್ತು. ಹಿಂದೆ ಕುರಿಗಳು, ಕುರಿಗಳ ಹಿಂದೆ ಧೂಳು. ಧೂಳಿನ ಹಿಂದೆ ಯಾರೂ ಇರಲಿಲ್ಲ.

"ಕಳೆದುಹೋಗಬಾರದಲ್ಲ ಅಂತ ಅದಕ್ಕೆ ಕಟ್ಟಿದಳು" ಎಂದಳು ಇರ್ಮಾ.

ಲೊರಿಂಡಾ ಒಳಗೆ ಹೋಗಿ ಲೋಟದ ಎದುರು ಕುಳಿತಳು. ಆವಿ ಕಡಿಮೆಯಾಗಿತ್ತು. ಬಿಸಿಲು ಲೋಟದ ಅಂಚಿಗೆ ಬಂದು ನಿಂತಿತ್ತು. ಒಂದು ಗೇಣು ಎಡಕ್ಕೆ ಸರಿಸಿದರೆ ಬೆಳಕು ಇನ್ನೂ ಚೆನ್ನಾಗಿ ಬೀಳುತ್ತದೆ ಎಂದು ಅವಳ ಕಣ್ಣು ಆಗಲೇ ಲೆಕ್ಕ ಹಾಕಿತ್ತು. ಈ ಸಲ ಅವ್ವ ಅದನ್ನು ಸರಿಸಿಟ್ಟು ಹೋಗಿರಲಿಲ್ಲ.